ಕೊಲಂಬೊದಲ್ಲಿ ಅತ್ತೆ, ನಾನು ಮತ್ತು ಯಾರೂ ಕೇಳದ ಕಟ್ಲೆಟ್ಟು

ಮೊದಲು ನನ್ನ ದಡ್ಡತನವನ್ನು ನಾನೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನಮ್ಮತ್ತೆ ಹೇಳುತ್ತಾರೆ, ಅವರು ಹೇಳಿದರೆ ಮೇಲೊಂದು ಒಗ್ಗರಣೆಯೂ ಬಿದ್ದಿರುತ್ತದೆ. ಕೊಲಂಬೊದ ಒಂದು ಚಹದಂಗಡಿಯಲ್ಲಿ, ನಾವು ಕೇಳದ ತಿನಿಸನ್ನು ತಂದು ಮುಂದಿಟ್ಟಾಗ, ಇದು ಬುದ್ಧ ಹುಟ್ಟಿದ ಕಡೆಯಿಂದ ಬಂದ ನಮಗೆ ಆ ದೇಶ ಮಾಡುತ್ತಿರುವ ಸತ್ಕಾರವೆಂದು ತಿಳಿದು ತಟ್ಟೆ ಖಾಲಿ ಮಾಡಿದವನು ನಾನು. ಖಾಲಿಯಾದ ತಟ್ಟೆ ಮತ್ತೆ ತುಂಬಿ ಬಂದಾಗ ಕೈಮುಗಿದು ಅದನ್ನೂ ಖಾಲಿ ಮಾಡಿದವನು ನಾನೇ. ಎದುರಿಗೆ ಕುಳಿತ ಅತ್ತೆಗೆ, "ತಿನ್ರಿ, ಬಿಟ್ರ ಅವರ ಮನಸ್ಸಿಗಿ ನೋವಾಗ್ತದ" ಎಂದು ಉಪದೇಶ ಮಾಡಿದ್ದೂ ಇದೇ ಬಾಯಿ.

ಈ ಬಾಯಿಯ ಬಗ್ಗೆ ಎರಡು ಮಾತು. ಹಗಲೆಲ್ಲ ಸುರಪುರದ ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡುಗಳ ನಡುವೆ ಕೂಡುವ ನಾನು, ಮದುವೆ, ತೊಟ್ಟಿಲು, ಬೀಳ್ಕೊಡುಗೆ ಇದ್ದಲ್ಲಿ ಮಿಮಿಕ್ರಿ ಮಾಡುತ್ತೇನೆ. ಬಸ್ ಕಂಡಕ್ಟರು, ಕಚೇರಿಯ ಗುಮಾಸ್ತರು, ಭಾಷಣದ ನಡುವೆ ಕೆಟ್ಟ ಮೈಕು, ಎಲ್ಲವೂ ಬರುತ್ತವೆ. ಹೆಸರು ಗೌತಮ. ಬುದ್ಧನ ಹೆಸರಿಟ್ಟರೆ ಮಗು ಮೌನಿಯಾಗುತ್ತದೆ ಎಂದು ಮನೆಯವರು ಆಸೆಪಟ್ಟಿದ್ದರಂತೆ. ನಮ್ಮ ಸೋದರತ್ತೆಯ ಹೆಸರು ಶಾಂತಾಬಾಯಿ. ಹೆಸರಿಡುವ ವಿಷಯದಲ್ಲಿ ನಮ್ಮ ಮನೆತನದ ಅದೃಷ್ಟ ಅಷ್ಟಕ್ಕಷ್ಟೇ.

ರಂಗಂಪೇಟೆ

ಅತ್ತೆ ಇರುವುದು ರಂಗಂಪೇಟೆಯಲ್ಲಿ, ಪ್ರಾಥಮಿಕ ಶಾಲೆಯ ಟೀಚರ್. ಮೂರನೇ ಇಯತ್ತೆಯಲ್ಲಿ ನನಗೂ ಅವರೇ ಕಲಿಸಿದ್ದರಿಂದ ಸ್ವಂತ ಅತ್ತೆಯನ್ನು ಇವತ್ತಿಗೂ 'ರಿ' ಹಚ್ಚಿ ಮಾತಾಡಿಸುತ್ತೇನೆ. ಮನೆಯ ಸಲಿಗೆಗಿಂತ ಶಾಲೆಯ ಛಡಿ ಗಟ್ಟಿ.

ನನ್ನ ಮಿಮಿಕ್ರಿಯಲ್ಲಿ ಹೆಚ್ಚು ಚಪ್ಪಾಳೆ ಬೀಳುವುದು ಅತ್ತೆಯ ಧ್ವನಿಗೇ. 'ಶಾಂತಾ ಟೀಚರ್ ಹೋಟೆಲ್ಲಿಗೆ ಹೋದರು' ಎಂಬುದು ಆ ಐಟಂ. ನೀರಿನ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುವುದು, ಚಟ್ನಿ ಮೂಸುವುದು, ಸಪ್ಲೈಯರನನ್ನು ಹತ್ತಿರ ಕರೆದು, "ತಮ್ಮಾ, ಈ ಮಿರ್ಚಿ ಹುಟ್ಟಿದ್ದು ಯಾವತ್ತು?" ಎಂದು ಕೇಳುವುದು. ಯಾದಗಿರಿಯಿಂದ ಶಹಾಪುರದವರೆಗೆ ಇದಕ್ಕೆ ನಗದ ಮಂದಿಯಿಲ್ಲ. ಅತ್ತೆಯನ್ನು ಬಿಟ್ಟು.

ಕೊಲಂಬೊಕ್ಕೆ ಹೋಗುವ ಮುಂಚೆ ಒಮ್ಮೆ ಅವರ ಮನೆಯಲ್ಲೇ ಈ ಐಟಂ ನಡೆದಿತ್ತು. ಅವರ ಮಗಳು ಸುಜಾತಾಳ ಮದುವೆ ಶಹಾಪುರಕ್ಕೆ ಗೊತ್ತಾಗಿ ಬೀಗರು ಬಂದಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ತಿರುಗಿ ನೋಡಿದರೆ ಅತ್ತೆ ಚಹದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮುಗೀತೇನು?"

"ಇನ್ನೂ ಸ್ವಲ್ಪ ಅದ್ರಿ ಅತ್ತಿ."

ಬೀಗರಿಗೆ ಅದೂ ಐಟಂನ ಭಾಗವೆಂದೇ ಅನಿಸಿ ಇನ್ನಷ್ಟು ನಕ್ಕರು. ಹೊರಡುವಾಗ, ಮದುವೆಯ ದಿನ ಇದನ್ನು ಪೂರಾ ಮಾಡಲೇಬೇಕೆಂದು ಮಾತು ತೆಗೆದುಕೊಂಡರು. ಅವರ ಜೀಪು ಓಣಿ ದಾಟಿದ ಮೇಲೆ ಅತ್ತೆ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತ ಹೇಳಿದರು.

"ನೀರ್ ನೋಡ್ತೀನಿ, ಚಟ್ನಿ ಮೂಸ್ತೀನಿ. ಅದಕ್ಕಽ ನನ್ನ ಹೊಟ್ಟಿ ಇನ್ನಾ ನೆಟ್ಟಗದ. ನಿನಗರ ಉಣ್ಣೂ ಜಾಗಾ ಹುಡುಕಾಕ ಬರ್ತದೇನು? ಬರೇ ಬಾಯಿ."

ಬಾಯಿಯ ಸುದ್ದಿಗೆ ಬಂದರೆ ನನಗೆ ತಡೆಯುವುದಿಲ್ಲ. "ಕೊಲಂಬೊದಾಗ ತೋರಿಸ್ತೀನ್ರಿ" ಎಂದುಬಿಟ್ಟೆ. ಅತ್ತೆಗೆ ಸಿಂಹಳದ ಬುದ್ಧವಿಹಾರ ನೋಡುವ ಆಸೆ ಬಹಳ ದಿನದಿಂದ ಇತ್ತು. ಹಿಂದೆ ಮುಂದೆ ಸಿ.ಎಲ್. ಹಾಕಿ, ಒಂದು ಶನಿವಾರ, ಭಾನುವಾರ ಅಲ್ಲಿದ್ದು ಬರುವುದೆಂದು ಟಿಕೆಟ್ಟೂ ಆಗಿತ್ತು. ಜೊತೆಗೆ ಹೋಗುವವನು ನಾನು.

ಶರತ್ತು ಅಲ್ಲೇ ಕಟ್ಟಿದರು. "ಎರಡು ದಿನ ನೀ ಕರ್ಕೊಂಡು ಹೋದ ಕಡಿ ಉಣ್ತೀನಿ. ಸೋವಿ ಇರಬೇಕು, ರುಚಿ ಇರಬೇಕು, ಹೊಟ್ಟಿ ತುಂಬಬೇಕು. ಒಂದ್ಸಲ ನಾ ಹಸದು ಎದ್ದೆ ಅಂದ್ರ ಮುಗೀತು. ನನ್ನ ಧ್ವನಿ ನೀ ಮತ್ತ ತೆಗೀಬಾರದು. ಸುಜಾತಾನ ಮದುವ್ಯಾಗೂ ಇಲ್ಲ."

"ಮತ್ತ ನಾ ಗೆದ್ರ?"

"ಮುಂದಿನ ಸಾಲಿನ್ಯಾಗ ಕುಂತು ಚಪ್ಪಾಳಿ ಹೊಡೀತೀನಿ."

ಅತ್ತೆ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ಹೊಡೆಯುವುದು! ಕಲಾವಿದನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಜಿಲ್ಲೆಯಲ್ಲಿಲ್ಲ.

ಯಾದಗಿರಿ ಸ್ಟೇಷನ್ನು

ಬೆಂಗಳೂರಿನ ಗಾಡಿಗೆ ಕಾಯುತ್ತ ಕುಳಿತಾಗ ಅತ್ತೆಯ ತೊಡೆಯ ಮೇಲೊಂದು ಬಿಳಿ ಗಂಟು ಕಾಣಿಸಿತು. ಖಡಕ್ ಜೋಳದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಯ ಡಬ್ಬಿ.

"ಇದು ಶರತ್ತಿಗೆ ವಿರುದ್ಧ ಅದ್ರಿ."

"ವಿಮಾ ಮಾಡಿಸಿದಾಂವ ಸಾಯಬೇಕಂತ ಮಾಡಸ್ತಾನೇನು? ಸುಮ್ಕ ಕೂಡು."

ಆ ವಿಮೆಗೆ ವಿಮಾನ ನಿಲ್ದಾಣದಲ್ಲಿ ಪರೀಕ್ಷೆ ಬಂತು. ತಪಾಸಣೆಯವರು ಡಬ್ಬಿ ತೆರೆಸಿ ಕೆಂಪು ಪುಡಿಯನ್ನು ಸಂಶಯದಿಂದ ನೋಡಿದರು. ನಾನು ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ನನ್ನದು ಝೆರಾಕ್ಸ್ ಅಂಗಡಿಯ ಇಂಗ್ಲಿಷು: ಸಿಂಗಲ್ ಸೈಡ್, ಬ್ಯಾಕ್ ಟು ಬ್ಯಾಕ್, ಕಲರ್ ಬೇಕಾ ಸರ್. ಅದರಲ್ಲಿ ಶೇಂಗಾ ಚಟ್ನಿಯನ್ನು ಕೂಡಿಸುವುದು ಕಷ್ಟ. ಅತ್ತೆ ನನ್ನನ್ನು ಸರಿಸಿ, "ತಿಂದು ನೋಡ್ರಿ ಸಾಹೇಬ್ರ, ಖಾರ ಸ್ವಲ್ಪ ಮುಂದದ" ಎಂದರು. ಆತ ತಿನ್ನಲಿಲ್ಲ, ಆದರೆ ನಕ್ಕು ಬಿಟ್ಟುಕೊಟ್ಟ. ಪರದೇಶಕ್ಕೆ ಹೋಗಲು ಇಂಗ್ಲಿಷು ಬೇಕೆಂಬ ನನ್ನ ನಂಬಿಕೆ ಆ ತಪಾಸಣೆಯಲ್ಲೇ ಕಳೆದುಹೋಯಿತು.

ಪೆಟ್ಟಾ ಬಜಾರು, ಶನಿವಾರ

ಕೊಲಂಬೊದ ಪೆಟ್ಟಾ ಎಂದರೆ ಯಾದಗಿರಿಯ ಗಂಜ್ ಸಮುದ್ರದ ಪಕ್ಕಕ್ಕೆ ಹೋಗಿ ಕುಳಿತಂತೆ. ಒಂದು ಓಣಿ ತುಂಬ ಬಟ್ಟೆ, ಒಂದು ಓಣಿ ತುಂಬ ಒಣ ಮೀನು, ಮಧ್ಯದಲ್ಲಿ ಕೈಗಾಡಿ ಎಳೆಯುವ ಹಮಾಲರು. ಅವರು ಕೂಗುವ ಕೂಗನ್ನು ನಾನು ಆಗಲೇ ಬಾಯಲ್ಲಿ ತಿರುವಿ ನೋಡಿಕೊಂಡೆ. ಎರಡನೇ ಸಲಕ್ಕೆ ನನ್ನ ಕೂಗು ಕೇಳಿ ಮುಂದಿನ ಮುದುಕ ದಾರಿ ಬಿಟ್ಟು ನಿಂತ. ಹಿಂದೆ ಕೈಗಾಡಿ ಇಲ್ಲದ್ದನ್ನು ಕಂಡು ಬೈದ. ಬೈದದ್ದೂ ಚೆನ್ನಾಗಿತ್ತು, ಅದನ್ನೂ ಕಲಿತೆ.

ಸೋವಿ ಊಟದ ಜಾಗಗಳನ್ನೆಲ್ಲ ಮೊಬೈಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದೆ. ಮೊದಲನೆಯದು, ಎಲ್ಲರೂ ಹೊಗಳಿದ ನಾಷ್ಟಾದ ಅಂಗಡಿ. ಬಾಣದ ಗುರುತು ಹಿಡಿದು, ಬೆವರು ಒರೆಸಿಕೊಳ್ಳುತ್ತ ಅಲ್ಲಿ ಮುಟ್ಟಿದರೆ ಅದು ಮೊಬೈಲ್ ಕವರು ಮಾರುವ ಅಂಗಡಿಯಾಗಿತ್ತು.

ಅತ್ತೆ ಗೋಡೆ ತುಂಬ ತೂಗುಬಿದ್ದ ಕವರುಗಳನ್ನು ನೋಡಿದರು. "ಇವನ್ನ ಹಂಗಽ ತಿನಬೇಕೊ, ಇಲ್ಲಾ ಒಗ್ಗರಣಿ ಹಾಕಿ ಕೊಡ್ತಾರೊ?"

"ಅಂಗಡಿ ಬದಲಾಗ್ಯದ್ರಿ."

"ಮೊಬೈಲ್ ಒಳಗಿಡು. ಹಮಾಲರು ಎಲ್ಲಿ ಹೊಕ್ಕತಾರ ನೋಡು. ಭಾರಾ ಎತ್ತಾವ್ರು ದುಬಾರಿ ಕಡಿ ಹೋಗಂಗಿಲ್ಲ, ಕೆಟ್ಟದ್ದೂ ತಿನ್ನಂಗಿಲ್ಲ."

ಹಾಗೆ ಒಬ್ಬ ಹಮಾಲನ ಹಿಂದೆ ಬಿದ್ದೆವು. ಅವನು ಎರಡು ಓಣಿ ತಿರುಗಿ, ಹಿಂದೆ ನೋಡಿ, ಹೆಜ್ಜೆ ಚುರುಕು ಮಾಡಿದ. ನಾವೂ ಚುರುಕು ಮಾಡಿದೆವು. ಪಾಪ, ಬೆಳಗ್ಗೆ ಬೆಳಗ್ಗೆ ಸೀರೆಯುಟ್ಟ ಒಬ್ಬ ಟೀಚರು ಗಂಟು ಹಿಡಿದು ಹಿಂದೆ ಓಡಿ ಬರುತ್ತಿದ್ದರೆ ಯಾರಿಗಾದರೂ ಹೆದರಿಕೆಯೇ. ಕೊನೆಗೆ ಅವನು ನುಗ್ಗಿದ್ದು ಒಂದು ಚಹದಂಗಡಿಗೆ. ಒಳಗೆ ಅವನಂಥವರೇ ತುಂಬಿದ್ದರು. ಅತ್ತೆಯ ಲೆಕ್ಕ ಸರಿಯಾಗಿತ್ತು. ಇಲ್ಲಿಂದ ಮುಂದೆ ಕೆಡಿಸಿದ್ದು ನಾನು.

ಕುಳಿತ ಕೂಡಲೇ ಸಪ್ಲೈಯರ್ ಏನನ್ನೂ ಕೇಳದೆ ಒಂದು ದೊಡ್ಡ ತಟ್ಟೆ ತಂದಿಟ್ಟ. ಮೀನಿನ ಕಟ್ಲೆಟ್ಟು, ಸುರುಳಿ ಸುತ್ತಿ ಕರಿದ ರೋಲು, ಕಡಲೆಬೇಳೆಯ ವಡೆ, ಸಕ್ಕರೆ ಉದುರಿಸಿದ ಬನ್ನು, ಗುಡ್ಡದಂತೆ. ಅತ್ತೆ ಹುಬ್ಬೇರಿಸಿದರು.

"ಯಾರಿಗಿ ಇದು? ನಾವು ಕೇಳೇ ಇಲ್ಲಲ್ಲ."

"ಸತ್ಕಾರ್ರಿ ಅತ್ತಿ. ನಾವು ಬುದ್ಧ ಹುಟ್ಟಿದ ಕಡಿಯಿಂದ ಬಂದೀವಿ ಅಂತ ಗೊತ್ತಾಗ್ಯದ."

"ನಿನ್ನ ಮಾರಿ ನೋಡಿದ್ರ ಯಾರೂ ನೀರ್ ಸುದ್ದಾ ಕೊಡಂಗಿಲ್ಲ. ಸತ್ಕಾರಂತ!"

ಆದರೆ ನಮ್ಮ ಕಡೆ ಮುಂದಿಟ್ಟದ್ದನ್ನು ಬಿಡುವುದು ಇಟ್ಟವರಿಗೆ ಮಾಡುವ ಅವಮಾನ. ಖಾನಾವಳಿಯಲ್ಲಿ ಕೂಡ ತಟ್ಟೆಯಲ್ಲಿ ಚೂರು ರೊಟ್ಟಿ ಉಳಿದರೆ, "ಯಾಕ್ರಿ, ಸೇರಲಿಲ್ಲೇನು?" ಎಂದು ಮಾಲೀಕ ಗಲ್ಲಾ ಬಿಟ್ಟು ಎದ್ದು ಬರುತ್ತಾನೆ. ಅದೇ ಸಂಸ್ಕಾರವನ್ನು ಸಮುದ್ರ ದಾಟಿಸಿಕೊಂಡು ಬಂದಿದ್ದ ನಾವಿಬ್ಬರೂ ಕೂಡಿ ಗುಡ್ಡ ಕರಗಿಸಿದೆವು. ಕಟ್ಲೆಟ್ಟು ಬಿಸಿಯಾಗಿತ್ತು, ಮೆಣಸಿನ ಖಾರ ಮೂಗಿಗೆ ಹತ್ತುತ್ತಿತ್ತು. ಹಾಲಿಲ್ಲದ ಕಪ್ಪು ಚಹ, ಜೊತೆಗೆ ಕಚ್ಚಿಕೊಳ್ಳಲು ಬೆಲ್ಲದ ಚೂರು. ಅತ್ತೆ ಚಟ್ನಿ ಮೂಸುವುದನ್ನೂ ಮರೆತರು. ಗೆದ್ದೆ ಅಂದುಕೊಂಡೆ.

ಸಪ್ಲೈಯರ್ ಬಂದ. ಖಾಲಿ ತಟ್ಟೆ ನೋಡಿದ. ಒಂದು ಕ್ಷಣ ನಮ್ಮಿಬ್ಬರನ್ನೂ ಬಹಳ ಗೌರವದಿಂದ ನೋಡಿದ. ಇನ್ನೊಂದು ಗುಡ್ಡ ತಂದಿಟ್ಟ.

ಎರಡನೆಯ ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಸುತ್ತಲಿನ ಹಮಾಲರು ತಿನ್ನುವುದನ್ನು ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದರು. ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡು, "ಸಾಕೋ" ಎಂದರು. ಬಿಟ್ಟರೆ ಅವರ ಮನಸ್ಸಿಗೆ ನೋವಾಗುತ್ತದೆ ಎಂಬ ಆ ಉಪದೇಶ ನಾನು ಮಾಡಿದ್ದು ಆಗ. ಕೊನೆಯ ಬನ್ನನ್ನು ಚಹದಲ್ಲಿ ಅದ್ದಿ ಒಳಗೆ ತಳ್ಳಿದೆ. ಹೊಟ್ಟೆ ಉಬ್ಬರಿಸಿ ಉಸಿರು ಹೊರಬರಲು ಜಾಗ ಕೇಳುತ್ತಿತ್ತು.

ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಹಿರಿಯರೊಬ್ಬರು ಎದ್ದರು. ಅವರ ಮುಂದೆಯೂ ಅಂಥದೇ ಗುಡ್ಡವಿತ್ತು, ತಿಂದದ್ದು ಒಂದೇ ರೋಲು. ಸಪ್ಲೈಯರ್ ಗುಡ್ಡದಲ್ಲಿ ಏನು ಕಮ್ಮಿಯಾಗಿದೆ ಎಂದು ಒಂದು ಸಲ ಕಣ್ಣಾಡಿಸಿ, ಅಷ್ಟರದೇ ದುಡ್ಡು ಇಸಿದುಕೊಂಡು, ಅದೇ ತಟ್ಟೆಯನ್ನು ಎತ್ತಿ ಮುಂದಿನ ಟೇಬಲ್ಲಿನವರ ಎದುರು ಇಟ್ಟ.

ಅತ್ತೆಯ ಕೈಯಲ್ಲಿದ್ದ ಬೆಲ್ಲದ ಚೂರು ಹಾಗೇ ನಿಂತಿತು. "ಗೌತಮ್ಯಾ."

"ಹೇಳ್ರಿ."

"ಅದು ಸತ್ಕಾರ ಅಲ್ಲ. ಅಂಗಡಿ. ಎಲ್ಲಾ ಮುಂದಿಡ್ತಾರ, ಬೇಕಾದ್ದು ಒಂದು ತಗೊಂಡು ಉಳದದ್ದು ಬಿಡಬೇಕು. ನಾವು ಅವರ ಅಂಗಡೀನಽ ತಿಂದೀವಿ."

ಬಿಲ್ಲು ಬಂತು. ಅದರ ವಿಷಯ ಬೇಡ. ಸಪ್ಲೈಯರ್ ಮಾತ್ರ ನಮ್ಮನ್ನು ಬಾಗಿಲತನಕ ಬಂದು ಬೀಳ್ಕೊಟ್ಟ. ನಾಳೆಯೂ ಬರುವಿರಾ ಎಂದು ತಮಿಳಿನಲ್ಲಿ ಕೇಳಿದ ಹಾಗಿತ್ತು.

"ಸೋವಿ ಆಗಲಿಲ್ಲ" ಎಂದರು ಅತ್ತೆ, ಹೊರಗೆ ಬಂದ ಮೇಲೆ. "ಆದ್ರ ಹಸದು ಎದ್ದಿಲ್ಲ. ಅದಕ್ಕ ನಿನ್ನ ಇನ್ನಾ ಫೇಲ್ ಮಾಡಂಗಿಲ್ಲ." ಅವತ್ತು ಇಬ್ಬರಿಗೂ ಮತ್ತೆ ಹಸಿವೆಯೇ ಆಗಲಿಲ್ಲ. ಆ ಲೆಕ್ಕದಲ್ಲಿ ನೋಡಿದರೆ ಬಿಲ್ಲು ಸೋವಿಯೇ ಎಂದು ನಾನು ವಾದಿಸಿದೆ. ವಾದ ನಡೆಯಲಿಲ್ಲ.

ವಿಹಾರ ಮತ್ತು ಅನ್ನದಂಗಡಿ, ಭಾನುವಾರ

ಬೆಳಗ್ಗೆ ವಿಹಾರಕ್ಕೆ ಹೋದೆವು. ಬಿಳಿ ಬಟ್ಟೆಯ ಮಂದಿ, ತಾವರೆಯ ಮೊಗ್ಗು, ಮಲಗಿದ ಬುದ್ಧನ ಉದ್ದನೆಯ ಮೂರ್ತಿ. ಅತ್ತೆ ಬಹಳ ಹೊತ್ತು ಸುಮ್ಮನೆ ಕುಳಿತರು. ಅವರ ಆ ಸುಮ್ಮನಿರುವಿಕೆಯನ್ನು ಮಿಮಿಕ್ರಿ ಮಾಡಲು ಬರುವುದಿಲ್ಲವಲ್ಲ ಎಂದು ನನಗನಿಸಿತು. ಎದ್ದಾಗ ಮೆಲ್ಲಗೆ ಅಂದರು, "ನಮ್ಮ ಶಹಾಪುರದಾಗ ಗುಡ್ಡಽ ಬುದ್ಧ ಮಲಗಿದಂಗ ಕಾಣ್ತದಲ್ಲ, ಅಂವ ಇವನಕಿಂತ ಆರಾಮ ಅದಾನ. ಬಸ್ಸಿನ್ಯಾಗಿಂದಽ ಕಾಣ್ತಾನ, ಚಪ್ಪಲಿ ಬಿಡೂದು ಬ್ಯಾಡ."

ಮಧ್ಯಾಹ್ನ ನನ್ನ ಕೊನೆಯ ಪರೀಕ್ಷೆ. ಈ ಸಲ ಆಟೋದವರು ಸಾಲಾಗಿ ಗಾಡಿ ನಿಲ್ಲಿಸಿದ್ದ ಒಂದು ಅನ್ನದಂಗಡಿ ಹುಡುಕಿದೆ. ನಿನ್ನೆಯ ಪಾಠ ತಲೆಯಲ್ಲಿ ಗಟ್ಟಿಯಾಗಿತ್ತು. ಕೂಡುವ ಮೊದಲೇ ಅತ್ತೆಗೆ ತಾಕೀತು ಮಾಡಿದೆ. "ತಾನಾಗಿ ಬಂದದ್ದು ಏನೂ ತಗೋಬಾರದ್ರಿ. ಎಲ್ಲಾದಕ್ಕೂ ಬ್ಯಾಡ ಅನಬೇಕು. ಇಲ್ಲಿ ಹಂಗಽ ಸುಲೀತಾರ."

ಕೆಂಪಕ್ಕಿಯ ಅನ್ನ, ಪಕ್ಕಕ್ಕೆ ಚಮಚದಷ್ಟು ಬೇಳೆ, ಎರಡು ಪಲ್ಯ, ಒಂದು ಹಪ್ಪಳ ಬಂದವು. ಹಿಂದೆಯೇ ಒಬ್ಬ ಹೆಂಗಸು ಸೌಟು, ಬೋಗುಣಿ ಹಿಡಿದು ಬಂದಳು. ತೆಂಗಿನ ಹಾಲಿನಲ್ಲಿ ಕುದಿಸಿದ ಬೇಳೆಯ ಘಮ ಮೂಗಿಗೆ ಬಡಿಯಿತು. ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ನನ್ನ ಕಣ್ಸನ್ನೆ ನೋಡಿ ಅತ್ತೆಯೂ ಹಿಡಿದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ತಟ್ಟೆಗೆ ಕೈ ಅಡ್ಡ ಹಿಡಿದರೆ ಅದು ಬೇಡ ಎಂದಲ್ಲ, ಇನ್ನೊಮ್ಮೆ ಕೇಳಿ ಎಂದು. ಬಡಿಸುವವರು, "ಒಂದರ ತಗೋರಿ, ನನ್ನ ಮ್ಯಾಲ ಆಣಿ" ಎನ್ನುತ್ತ ಬೆರಳ ಸಂದಿಯಲ್ಲೇ ರೊಟ್ಟಿ ಜಾರಿಸುತ್ತಾರೆ. ಅತ್ತೆ ಆ ಭರವಸೆಯಲ್ಲೇ ಕೈ ಹಿಡಿದಿದ್ದರು ಎಂದು ಆಮೇಲೆ ತಿಳಿಯಿತು. ಈ ಹೆಂಗಸು ಮಾತ್ರ "ಹರಿ, ಹರಿ" ಎಂದು ತಲೆಯಾಡಿಸಿ ಹೊರಟುಹೋದಳು. ಅವರ ಭಾಷೆಯಲ್ಲಿ ಹಾಗೆಂದರೆ ಆಯಿತು, ಸರಿ ಎಂದು. ಹಲಸಿನಕಾಯಿಯ ಪಲ್ಯ ಬಂತು, ಕೈ ಅಡ್ಡ. ಬೀಟ್‌ರೂಟು ಬಂತು, ಕೈ ಅಡ್ಡ. ಅನ್ನವೇ ಎರಡನೇ ಸಲ ಬಂತು, ಕೈ ಅಡ್ಡ. ಅತ್ತೆಯ ಕಣ್ಣು ಪ್ರತಿ ಬೋಗುಣಿಯ ಹಿಂದೆ ಸ್ವಲ್ಪ ದೂರ ಹೋಗಿ ಬರುತ್ತಿತ್ತು. ಒಣ ಅನ್ನ ನುಂಗಿ, ನೀರು ಕುಡಿದು, ಎದ್ದು ಕೈ ತೊಳೆದೆವು.

ಗಲ್ಲಾದಲ್ಲಿದ್ದವನು ಇಂಗ್ಲಿಷಿನಲ್ಲಿ ಬಹಳ ಕಳಕಳಿಯಿಂದ ಕೇಳಿದ: ಅಡುಗೆ ಹಿಡಿಸಲಿಲ್ಲವೆ? ಹೊಟ್ಟೆ ಸರಿಯಿಲ್ಲವೆ? ಅನ್ನ, ಬೇಳೆ, ಪಲ್ಯ ಎಷ್ಟು ಸಲ ಬೇಕಾದರೂ ಹಾಕುತ್ತೇವೆ, ಎಲ್ಲಾ ಊಟದಲ್ಲೇ ಬಂತು, ಬೇರೆ ದುಡ್ಡಿಲ್ಲ. ಬೇಕಾದರೆ ಈಗಲೂ ಕುಳಿತುಕೊಳ್ಳಿ.

ಅತ್ತೆಗೆ ಅನುವಾದ ಮಾಡುವ ಧೈರ್ಯ ನನಗಿರಲಿಲ್ಲ. ಬೇಕಾಗಲೂ ಇಲ್ಲ. ಸೌಟು ಹಿಡಿದ ಹೆಂಗಸು ಆಗಲೇ ಅವರ ತೋಳು ಹಿಡಿದು ಬೆಂಚಿನ ಕಡೆ ಕರೆಯುತ್ತಿದ್ದಳು. ಆದರೆ ಕೈ ತೊಳೆದಾಗಿತ್ತು. ಒಮ್ಮೆ ಕೈ ತೊಳೆದು ಎದ್ದ ಮೇಲೆ ಮತ್ತೆ ತಟ್ಟೆಗೆ ಕೂಡುವುದು ನಮ್ಮಲ್ಲಿಲ್ಲ. ಅತ್ತೆ ಆಕೆಯ ಕೈಯನ್ನು ಎರಡೂ ಕೈಯಿಂದ ಹಿಡಿದು, "ಬ್ಯಾಡವ್ವಾ, ನಿನ್ನ ತಪ್ಪಿಲ್ಲ. ಈ ಮಂಗ್ಯಾನ ಶಾಣ್ಯಾತನ ಇದು" ಎಂದರು. ಆಕೆ ನನ್ನ ಕಡೆ ತಿರುಗಿ ನೋಡಿದ ನೋಟದಿಂದ, ಕನ್ನಡ ಪೂರಾ ಅರ್ಥವಾಗಿದೆ ಎಂದು ಗೊತ್ತಾಯಿತು.

ಗಾಲ್ ಫೇಸ್, ಸಮುದ್ರದ ದಂಡೆ

ಊರಿಗೆ ಹೊರಡುವ ಮುಂಚೆ ದಂಡೆಯ ಮೇಲೆ ಕುಳಿತೆವು. ಗಾಳಿಪಟ, ಸಂಸಾರಗಳು, ತಿನಿಸಿನ ಗಾಡಿಗಳು. ಅತ್ತೆ ಬಿಳಿ ಗಂಟು ಬಿಚ್ಚಿ ರೊಟ್ಟಿ ಮುರಿದು ನನಗೂ ಅರ್ಧ ಕೊಟ್ಟರು.

"ಹಸದು ಎದ್ದೆ" ಎಂದರು. ಅಷ್ಟೇ. ಸಿಟ್ಟಿರಲಿಲ್ಲ. ಶಾಲೆಯಲ್ಲಿ ಅಂಕ ಓದುವಾಗಿನ ಧ್ವನಿ.

"ಒಂದು ಗ್ರೇಸ್ ಮಾರ್ಕ್ಸ್..."

"ಇಲ್ಲ."

ರೊಟ್ಟಿಯ ಸಪ್ಪಳಕ್ಕೆ ಪಕ್ಕದ ಗಾಡಿಯ ಸಿಗಡಿ ವಡೆಯವನು ತಿರುಗಿದ. ಅತ್ತೆ ಅವನಿಗೂ ಚಟ್ನಿ ಹಚ್ಚಿ ಒಂದು ಚೂರು ಕೊಟ್ಟರು. ಅವನು ಕಟಕಟ ಕಡಿದು, ಖಾರಕ್ಕೆ ಕಣ್ಣು ಒರೆಸಿಕೊಂಡು, ಬದಲಿಗೆ ಒಂದು ವಡೆ ಎತ್ತಿಕೊಟ್ಟ. ಆಗ ಶುರುವಾಯಿತು. ಅತ್ತೆ ವಡೆಯನ್ನು ಬೆಳಕಿಗೆ ಹಿಡಿದರು. ಮೇಲೆ ಕುಳಿತಿದ್ದ ಸಿಗಡಿಯನ್ನು ಮುಖಾಮುಖಿ ನೋಡಿದರು. ಮೂಸಿದರು. "ತಮ್ಮಾ, ಇದು ಹುಟ್ಟಿದ್ದು ಯಾವತ್ತು?" ಎಂದು ಅಚ್ಚ ರಂಗಂಪೇಟೆಯ ಕನ್ನಡದಲ್ಲಿ ಕೇಳಿದರು. ಅವನು ಒಂದು ಗಳಿಗೆ ಯೋಚಿಸಿ, ಆ ವಡೆ ವಾಪಸ್ಸು ಇಸಿದುಕೊಂಡು, ಕುದಿಯುವ ಎಣ್ಣೆಗೆ ಹೊಸದೊಂದನ್ನು ಬಿಟ್ಟ.

ಆ ಎರಡು ದಿನದಲ್ಲಿ ತಿಂದದ್ದರಲ್ಲೆಲ್ಲ ಬಹಳ ರುಚಿಯಾದದ್ದು ಅದು, ಬಹಳ ಸೋವಿಯಾದದ್ದೂ ಅದೇ. ಆದರೆ ನನ್ನ ಐಟಂ ನನ್ನ ಕಣ್ಣೆದುರೇ, ನನಗಿಂತ ಚೆನ್ನಾಗಿ ನಡೆಯುತ್ತಿತ್ತು, ಮತ್ತು ಅದು ಇನ್ನು ನನ್ನದಾಗಿರಲಿಲ್ಲ.

ಶಹಾಪುರ

ಸುಜಾತಾಳ ಮದುವೆಯಲ್ಲಿ ನಾನು ಆದಷ್ಟು ಅಡುಗೆಯ ಕಡೆಯೇ ಸುಳಿದಾಡಿದೆ. ಬೀಗರು ಬಿಡಬೇಕಲ್ಲ. ಊಟ ಮುಗಿದ ಮೇಲೆ ಹುಡುಗನ ತಂದೆ ಮೈಕು ಹಿಡಿದು ನನ್ನ ಹೆಸರು ಕೂಗಿದರು. ಕಂಡಕ್ಟರನ್ನು ಮಾಡಿದೆ, ಗುಮಾಸ್ತರನ್ನು ಮಾಡಿದೆ, ಹೊಸದಾಗಿ ಕಲಿತ ಪೆಟ್ಟಾದ ಮುದುಕನ ಬೈಗುಳವನ್ನೂ ಮಾಡಿದೆ. "ಅದೆಲ್ಲಾ ಇರ್ಲಿ ತಮ್ಮಾ, ನಮ್ಮ ಬೀಗತಿ ಧ್ವನಿ ತೆಗಿ" ಎಂದರು ಬೀಗರು. ಮಂದಿ ಚಪ್ಪಾಳೆ ತಟ್ಟತೊಡಗಿದರು.

"ಗಂಟಲು ಕೆಟ್ಟದ್ರಿ" ಎಂದೆ.

"ಈಗ ಇಷ್ಟೊತ್ತು ಚೊಲೊ ಇತ್ತಲ್ಲ?" ಬೀಗರ ಮುಖ ಸಣ್ಣದಾಯಿತು. ಮಾತು ಕೊಟ್ಟು ತಪ್ಪಿದರೆಂದು ಅವರ ಕಡೆಯವರು ಮುಖ ಮುಖ ನೋಡಿಕೊಂಡರು. ಮದುವೆಯ ಮನೆಯಲ್ಲಿ ಇಷ್ಟು ಸಾಕು, ವರ್ಷಗಟ್ಟಲೆ ಎತ್ತಿ ಆಡಲು. ನಾನು ಅತ್ತೆಯ ಕಡೆ ನೋಡಿದೆ. ಒಂದು ಸಲಕ್ಕಾದರೂ ಬಿಡಬಹುದೇನೋ ಎಂದು.

ಅತ್ತೆ ಎದ್ದು ಬಂದರು. ನನ್ನ ಕೈಯಿಂದ ಮೈಕು ಇಸಿದುಕೊಂಡರು. ಒಂದು ಸಲ ಕೆಮ್ಮಿದರು, ಥೇಟ್ ನಾನು ಶುರು ಮಾಡುವಾಗ ಕೆಮ್ಮುವ ಹಾಗೆ. ಆಮೇಲೆ ನನ್ನದೇ ಧ್ವನಿ, ನನ್ನದೇ ಎಳೆತ, ಸ್ಪೀಕರಿನಿಂದ ಹೊರಬಂತು.

"ತಿನ್ರಿ ಅತ್ತಿ, ಬಿಟ್ರ ಅವರ ಮನಸ್ಸಿಗಿ ನೋವಾಗ್ತದ!"

ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತೆ ಬಿಡಲಿಲ್ಲ. ಮೊಬೈಲು ಹಿಡಿದು ಕವರಿನ ಅಂಗಡಿಗೆ ಹೋಗುವ ನಾನು, ಗುಡ್ಡ ಕರಗಿಸಿ ಉಸಿರು ಸಿಗದ ನಾನು, ಬೋಗುಣಿ ಬಂದಾಗಲೆಲ್ಲ ತಟ್ಟೆಗೆ ಕೈ ಅಡ್ಡ ಹಿಡಿದು ಹಸಿದ ಕಣ್ಣಿಂದ ನೋಡುವ ನಾನು. ಬೀಗರು ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮದುಮಗಳು ತಲೆ ತಗ್ಗಿಸುವುದನ್ನು ಮರೆತು ನಗುತ್ತಿದ್ದಳು. ನನಗೆ ಒಂದು ಜನ್ಮದಲ್ಲಿ ಬಿದ್ದಿರದಷ್ಟು ಚಪ್ಪಾಳೆ ಒಂದೇ ಸಲಕ್ಕೆ ಅವರಿಗೆ ಬಿತ್ತು.

ತಡೆಯಲಾರದೆ ಮೈಕಿನ ಹತ್ತಿರ ಬಾಯಿ ತಂದೆ. "ಇದು ಅನ್ಯಾಯ್ರಿ ಅತ್ತಿ! ನಿಮ್ಮ ಧ್ವನಿ ನಾ ತೆಗೀಬಾರದು, ನನ್ನ ಧ್ವನಿ ನೀವು ತೆಗೀಬಹುದಾ? ಮಿಮಿಕ್ರಿ ನನ್ನ ಕಸುಬು!"

ಅತ್ತೆ ತಮ್ಮ ಸ್ವಂತ ಧ್ವನಿಗೆ ಬಂದರು.

"ಮುಂದಿಟ್ಟಾರಂತ ತಟ್ಟೀನಽ ತಿನಬಾರದೋ ಮಂಗ್ಯಾ. ನನ್ನ ಧ್ವನಿ ಇಷ್ಟು ವರ್ಷ ನೀ ತಿಂದಿ. ಈಗ ಆ ತಟ್ಟಿ ಮುಂದಿನ ಟೇಬಲ್ಲಿಗಿ ಹೋತು."